ಸತ್ಯಾಂಶ: ಬಿಟ್‌ರೇಟ್ ಏರಿಸಿದರೆ ಡಿವಿಡಿ ಎಚ್‌ಡಿ ಆಗುತ್ತದೆಯೇ?

ಎನ್‌ಕೋಡರ್‌ನಲ್ಲಿ (ವಿಡಿಯೊವನ್ನು ಕುಗ್ಗಿಸಿ ಉಳಿಸುವ ತಂತ್ರಾಂಶ) ಬಿಟ್‌ರೇಟನ್ನು, ಅಂದರೆ ಪ್ರತಿ ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶದ ಪ್ರಮಾಣವನ್ನು, ಪೂರ್ತಿ ಏರಿಸಿದರೆ ಹಳೆಯ ವಿಡಿಯೊ ಕೂಡ ಎಚ್‌ಡಿ ಆಗುತ್ತದೆ ಎಂಬ ಸಂದೇಶ ಆಗಾಗ ಬರುತ್ತದೆ. ಕೇಳಲು ಸರಿ ಅನಿಸುತ್ತದೆ, ಅಲ್ವಾ? ಆದರೆ ಮೂಲದಲ್ಲಿ ಇಲ್ಲದ ವಿವರವನ್ನು ಬಿಟ್‌ರೇಟ್ ತಂದುಕೊಡುವುದಿಲ್ಲ. ಪಾಲ್ (PAL) ಎಂಬ ಟಿವಿ ಮಾದರಿಯ ಡಿವಿಡಿಯ ಚಿತ್ರ ಹೆಚ್ಚೆಂದರೆ 720×576 ಪಿಕ್ಸೆಲ್, ಅದು ಎಚ್‌ಡಿಗಿಂತ ಕಡಿಮೆ.

ಡಿವಿಡಿಯಲ್ಲಿ ವಿಡಿಯೊದ ಬಿಟ್‌ರೇಟ್‌ಗೂ ಸೆಕೆಂಡಿಗೆ 9.8 ಮೆಗಾಬಿಟ್ ಮಿತಿ ಇದೆ. ಅಷ್ಟಕ್ಕೇ ಇಟ್ಟರೆ 4.7 ಜಿಬಿ ಡಿಸ್ಕ್‌ನಲ್ಲಿ ಸುಮಾರು ಒಂದು ಗಂಟೆಯ ವಿಡಿಯೊ ಮಾತ್ರ ಹಿಡಿಸುತ್ತದೆ. ಎರಡು ಗಂಟೆ ಬೇಕಿದ್ದರೆ ಸರಾಸರಿ ಬಿಟ್‌ರೇಟ್ ಸೆಕೆಂಡಿಗೆ 5 ಮೆಗಾಬಿಟ್ ಆಸುಪಾಸು ಇರಬೇಕು. ಆಗ ನಿಜಕ್ಕೂ ನೆರವಾಗುವುದು ಟೂ-ಪಾಸ್ ವಿಬಿಆರ್, ಅಂದರೆ ಎರಡು ಸುತ್ತಿನಲ್ಲಿ, ದೃಶ್ಯಕ್ಕೆ ತಕ್ಕಂತೆ ಬಿಟ್‌ರೇಟ್ ಬದಲಿಸುತ್ತಾ ಎನ್‌ಕೋಡ್ ಮಾಡುವ ವಿಧಾನ. ಮೊದಲ ಸುತ್ತಿನಲ್ಲಿ ಅದು ದೃಶ್ಯಗಳನ್ನು ಅಳೆಯುತ್ತದೆ. ಎರಡನೆಯದರಲ್ಲಿ ಮಳೆ, ಓಟದಂಥ ಕಷ್ಟದ ಕಡೆ ಜಾಸ್ತಿ ಬಿಟ್ ಕೊಡುತ್ತದೆ.

ನೀವೇ ಪರೀಕ್ಷಿಸಿ. ಒಂದು ನಿಮಿಷದ ತುಣುಕನ್ನು ಎರಡು ಬಿಟ್‌ರೇಟ್‌ಗಳಲ್ಲಿ ಎನ್‌ಕೋಡ್ ಮಾಡಿ. ಒಂದೇ ಫ್ರೇಮನ್ನು ಮೂಲದ ಪಕ್ಕ ಇಟ್ಟು ನೋಡಿ.