ಗಾಜಿನೂರಿಗೆ ಸ್ಟೀಲ್ ಲೋಟ

ನಮ್ಮ ಅಡುಗೆಮನೆಯಿಂದ ‘ಠಳ್’ ಅಂತ ಸದ್ದು ಬಂದರೆ ಮನೆಯಲ್ಲಿ ಯಾರೂ ‘ಏನಾಯಿತು’ ಅಂತ ಕೇಳುವುದಿಲ್ಲ. ‘ಯಾವುದು?’ ಅಂತ ಕೇಳುತ್ತಾರೆ. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆಯವರ ಆರು ಲೋಟದ ಸೆಟ್ಟನ್ನು ಮೂರಕ್ಕಿಳಿಸಿದವಳು ನಾನು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು ಅಂತ ಅಜ್ಜಿ ಹೇಳಿಕೊಟ್ಟಿದ್ದಳು. ಆ ಮಾತಿನ ಪ್ರಕಾರ, ನಲವತ್ತು ವರ್ಷದಲ್ಲಿ ನಮ್ಮ ಮನೆಯ ಸಾಮಾನು ಹೆಚ್ಚಿರುವಷ್ಟು ತುಮಕೂರಿನಲ್ಲಿ ಇನ್ಯಾರ ಮನೆಯಲ್ಲೂ ಹೆಚ್ಚಿರಲಾರದು. ನೆಂಟರ ಮನೆಗೆ ಹೋದರೆ ಎಲ್ಲರಿಗೂ ಗಾಜಿನ ಲೋಟದಲ್ಲಿ ಪಾನಕ, ನನಗೆ ಮಾತ್ರ ಸ್ಟೀಲಿನದು. ಯಾಕೆ ಅಂತ ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಇಂಥವಳಿಗೆ ಮಗಳು ಫೋನ್ ಮಾಡಿ, ‘ಅಮ್ಮಾ, ಇವರಿಗೆ ಕಾರ್ನಿಂಗ್‌ನಲ್ಲಿ ಕೆಲಸ ಸಿಕ್ತು, ಗಾಜಿನ ರಿಸರ್ಚು’ ಅಂದಳು. ನಮ್ಮವರು ಮೊಬೈಲಿನಲ್ಲಿ ಊರಿನ ವಿಷಯ ಹುಡುಕಿ ಓದಿದರು, ಕನ್ನಡಕ ತೆಗೆದಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ‘ಇಡೀ ಅಮೆರಿಕದಲ್ಲಿ ಹುಡುಕಿ ಹುಡುಕಿ ಗಾಜಿನ ಊರಿಗೇ ಸೇರ್ಕೊಂಡಿದ್ದಾರಲ್ಲೇ ಅಳಿಯಂದ್ರು! ನಿನ್ನನ್ನ ಊರೊಳಗೆ ಬಿಟ್ಕೋತಾರಾ?’

ಮಂಡಿನೋವು ಅಂತ ಅವರು ಉಳಿದರು, ನಾನು ಹೊರಟೆ. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುರಿಹಿಟ್ಟು, ನಿಪ್ಪಟ್ಟು, ಜೊತೆಗೆ ಅವರೇ ಕೈಯಾರೆ ಟವೆಲಿನಲ್ಲಿ ಸುತ್ತಿಟ್ಟ ಆರು ಸ್ಟೀಲ್ ಲೋಟ.

ಅಕ್ಕಪಕ್ಕದವರಿಗೆಲ್ಲ ‘ನ್ಯೂಯಾರ್ಕಿಗೆ ಹೋಗ್ತಿದೀನಿ’ ಅಂತ ಹೇಳಿಬಿಟ್ಟಿದ್ದೆ. ಅದು ಸುಳ್ಳಲ್ಲ. ಕಾರ್ನಿಂಗ್ ನ್ಯೂಯಾರ್ಕ್ ರಾಜ್ಯದಲ್ಲೇ ಇದೆ. ಆದರೆ ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದೂರ, ಪೆನ್ಸಿಲ್ವೇನಿಯಾದ ಗಡಿಗೆ ಹತ್ತಿರ. ಗುಡ್ಡಗಳ ನಡುವೆ ಶಮಂಗ್ ಅನ್ನುವ ನದಿ, ನದಿಯ ಎರಡು ದಡದಲ್ಲಿ ಊರು. 2020ರ ಜನಗಣತಿಯಲ್ಲಿ ಹತ್ತೂವರೆ ಸಾವಿರ ಜನ. ಇಳಿದ ಮೂರನೇ ದಿನ ಎದುರುಮನೆಯವರು ಮೆಸೇಜ್ ಕಳಿಸಿದರು: ‘ಎಲ್ಲಿ, ಲಿಬರ್ಟಿ ಪ್ರತಿಮೆ ಮುಂದೆ ನಿಂತ ಫೋಟೊ?’ ಊರಿನ ಮಧ್ಯದ 1883ರ ಗಡಿಯಾರದ ಗೋಪುರದ ಮುಂದೆ ನಿಂತು ತೆಗೆಸಿ ಕಳಿಸಿದೆ. ಪ್ರತಿಮೆ ಹಿಂದುಗಡೆ ಇದೆ ಅಂದೆ. ಎಷ್ಟು ಕಿಲೋಮೀಟರು ಹಿಂದೆ ಅಂತ ಹೇಳಲಿಲ್ಲ.

ಊರಿಗೆ ಹೆಸರು ಕೊಟ್ಟವನು ಎರಾಸ್ಟಸ್ ಕಾರ್ನಿಂಗ್ ಅನ್ನುವ ಆಲ್ಬನಿಯ ಸಾಹುಕಾರ. ರೈಲಿನಲ್ಲಿ, ಜಮೀನಿನಲ್ಲಿ ದುಡ್ಡು ಹಾಕಿದ. ತಾನು ಮಾತ್ರ ಆಲ್ಬನಿಯಲ್ಲೇ ಉಳಿದ. ನಮ್ಮಲ್ಲಿ ಲೇಔಟ್ ಮಾಡಿ ತಮ್ಮ ಹೆಸರಿಡುವವರೂ ಆ ಲೇಔಟಿನಲ್ಲಿ ಮನೆ ಕಟ್ಟುವುದಿಲ್ಲ ನೋಡಿ. 1868ರಲ್ಲಿ ಬ್ರೂಕ್ಲಿನ್‌ನಿಂದ ಹೌಟನ್ ಮನೆತನದವರ ಗಾಜಿನ ಕಾರ್ಖಾನೆ ಇಲ್ಲಿಗೆ ಬಂತು. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಹತ್ತಿರ, ರೈಲೂ ಇತ್ತು. ಅಲ್ಲಿಂದಾಚೆಗೆ ಊರಿಗೆ ಅದೇ ಅನ್ನ. ಎಡಿಸನ್ನನ ವಿದ್ಯುತ್ ದೀಪಕ್ಕೆ ಗಾಜಿನ ಬುರುಡೆ ಊದಿಕೊಟ್ಟದ್ದೂ ಇವರೇ.

ನನ್ನ ಬೋಣಿ ನಾಲ್ಕನೇ ದಿನ ಆಯಿತು. ಏಪ್ರಿಲ್ ತಿಂಗಳಾದರೂ ನಮ್ಮ ಕಡೆಯವರಿಗೆ ತಡೆಯದ ಚಳಿ. ಮಗಳು ಆಫೀಸಿಗೆ ಹೋಗಿದ್ದಳು. ಬಿಸಿಬಿಸಿ ಮೆಣಸಿನ ಸಾರು ಕುಡಿಯೋಣ ಅನ್ನಿಸಿತು. ಸ್ಟೀಲ್ ಲೋಟಗಳೆಲ್ಲ ಸಿಂಕಿನಲ್ಲಿದ್ದವು. ಕಿಟಕಿಯ ಪಕ್ಕ ಒಂದು ದಪ್ಪ ಗಾಜಿನ ಲೋಟ ಇತ್ತು. ಇಷ್ಟು ದಪ್ಪ ಇದೆಯಲ್ಲ, ಇದಕ್ಕೇನಾದೀತು ಅಂತ ಕುದಿಯುವ ಸಾರನ್ನು ಅದಕ್ಕೆ ಬಗ್ಗಿಸಿದೆ. ಟಪ್! ಲೋಟದ ತಳ ಒಂದು ಕಡೆ, ಮೈ ಒಂದು ಕಡೆ, ಸಾರು ನಾಲ್ಕೂ ಕಡೆ.

ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅಳಿಯಂದಿರು ಓಡಿ ಬಂದರು. ನಾನು ಸಮಜಾಯಿಷಿ ಹುಡುಕುತ್ತ ನಿಂತಿದ್ದೆ. ಅವರು ನೆಲಕ್ಕೆ ಕೂತು, ಚೂರುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು, ಜಾತಕ ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ‘ಅತ್ತೆ, ಇಲ್ಲಿ ನೋಡಿ, ಬಿರುಕು ಇಲ್ಲಿಂದ ಹೊರಟಿದೆ. ಎಷ್ಟು ಚೆನ್ನಾಗಿ ಒಡೆದಿದೆ!’

ಎಂಟು ವರ್ಷದ ಹುಡುಗಿಯಾದಾಗಿನಿಂದ ಒಡೆಯುತ್ತ ಬಂದಿದ್ದೇನೆ, ಚೆನ್ನಾಗಿ ಒಡೆದೆ ಅಂತ ಬೆನ್ನು ತಟ್ಟಿದವರು ಇವರೊಬ್ಬರೇ.

ಗಾಜು ದಪ್ಪಗಿದ್ದಷ್ಟೂ ಕಷ್ಟವಂತೆ. ಒಳಗಿನ ಮೈ ಬಿಸಿಗೆ ಹಿಗ್ಗುತ್ತದೆ, ಹೊರಗಿನದಕ್ಕೆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಆ ಎಳೆದಾಟದಲ್ಲಿ ಬಿರುಕು. ಇದನ್ನು ಕೇಳಿದಾಗ ನನಗೆ ಊರ ಲಾಟೀನು ನೆನಪಾಯಿತು. ಕರೆಂಟು ಬರದ ಹಳ್ಳಿಯಲ್ಲಿ ದಿನಾ ಸಂಜೆ ಲಾಟೀನಿನ ಗಾಜು ಒರೆಸುವುದು ನನ್ನ ಪಾಲಿನ ಕೆಲಸ. ಒಂದು ದಿನ ಉರಿಯುತ್ತಿದ್ದ ಲಾಟೀನಿನ ಮೇಲೆ ಕೈಯ ನೀರು ಕೊಡವಿದೆ, ಗಾಜು ಪಟಾರ್. ಅಪ್ಪ ‘ಇವಳ ಕೈಯಲ್ಲಿ ಹಿಡಿತ ಇಲ್ಲ’ ಅಂತ ತೀರ್ಪು ಕೊಟ್ಟರು. ಆ ತೀರ್ಪು ನನ್ನ ಜೊತೆ ಗಂಡನ ಮನೆಗೂ ಬಂತು. ಅಳಿಯಂದಿರು ಹೇಳುತ್ತಾರೆ, ಇಲ್ಲಿಯ ರೈಲ್ವೆಯವರಿಗೂ ಅದೇ ಫಜೀತಿ ಇತ್ತಂತೆ. ಕಾದ ಸಿಗ್ನಲ್ ಲಾಟೀನಿನ ಮೇಲೆ ಮಳೆ, ಹಿಮ ಬಿದ್ದರೆ ಗಾಜು ಸೀಳಿ ಹೋಗುತ್ತಿತ್ತು. ಕಾರ್ಖಾನೆಯವರು ಬಿಸಿಗೆ ಅಷ್ಟಾಗಿ ಹಿಗ್ಗದ ಗಾಜು ಮಾಡಿ ಕೊಟ್ಟರು. ರೈಲ್ವೆಯವರ ಕೈಯಲ್ಲಿ ಹಿಡಿತ ಇಲ್ಲ ಅಂತ ಯಾರೂ ಅನ್ನಲಿಲ್ಲ.

ರಾತ್ರಿ ವಿಡಿಯೊ ಕಾಲ್‌ನಲ್ಲಿ ನಮ್ಮವರ ಮೊದಲ ಪ್ರಶ್ನೆ, ‘ಇವತ್ತೇನು ಒಡೆದೆ?’ ನಮ್ಮ ಮಾತು ಸಮುದ್ರದಡಿಯ ಗಾಜಿನ ಎಳೆಯಲ್ಲೇ ಹಾದು ಹೋಗುವುದು, ಅಂಥ ಎಳೆ ಕೆಲಸಕ್ಕೆ ಬರುವ ಹಾಗೆ ಮೊದಲು ಮಾಡಿದ್ದು 1970ರಲ್ಲಿ, ಇದೇ ಊರಿನ ಕಂಪನಿಯ ಮೂವರು ವಿಜ್ಞಾನಿಗಳು ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ಕಾಲ್ ಕಟ್ಟಾಯಿತು. ಮತ್ತೆ ಸಿಕ್ಕಾಗ ಅವರು ಕೇಳಿದ್ದು, ‘ಅದನ್ನೂ ಒಡೆದೆಯಾ?’

ಒಂದು ಸಂಜೆ ಒಬ್ಬಳೇ ವಾಕಿಂಗ್ ಹೋಗಿ ದಾರಿ ತಪ್ಪಿದೆ. ನದಿಯ ದಕ್ಷಿಣಕ್ಕೆ ಬೀದಿಗಳು ಗುಡ್ಡ ಹತ್ತುತ್ತವೆ, ಎಲ್ಲ ಮನೆಗಳೂ ಒಂದೇ ಥರ. ಆದರೆ ಎಲ್ಲಿಂದ ನೋಡಿದರೂ ಕಾಣುವ ಒಂದು ಬಿಳಿಯ ಗೋಪುರ ಇದೆ. ಅದರ ಮೇಲೆ ಉದ್ದನೆಯ ಕೊಳವೆ ಬಾಯಿಗಿಟ್ಟ ಮನುಷ್ಯನ ಚಿತ್ರ. ನಾದಸ್ವರದವನು ಅಂತ ನಾನು ಮೊದಲ ದಿನವೇ ತೀರ್ಮಾನಿಸಿದ್ದೆ. ನಾಯಿ ಹಿಡಿದು ಬರುತ್ತಿದ್ದ ಒಬ್ಬ ಹೆಂಗಸಿಗೆ, ‘ಮ್ಯೂಸಿಕ್ ಟವರ್, ಮ್ಯೂಸಿಕ್ ಟವರ್’ ಅಂತ ಎರಡು ಕೈಯಲ್ಲಿ ಓಲಗ ಊದಿ ತೋರಿಸಿದೆ. ಪಾಪ, ಹತ್ತಿರದ ಚರ್ಚಿಗೆ ಕರೆದುಕೊಂಡು ಹೋಗಿ ಬಿಟ್ಟಳು.

ಆಮೇಲೆ ಮೊಮ್ಮಗಳು ತಿದ್ದಿದಳು. ‘ಅಜ್ಜಿ, ಅದು ಲಿಟ್ಲ್ ಜೋ. ಗ್ಲಾಸ್ ಊದ್ತಾನೆ.’ ಥರ್ಮಾಮೀಟರಿನ ಗಾಜಿನ ನಳಿಗೆಯನ್ನು ಆ ಗೋಪುರದೊಳಗೆ ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಎಳೆಯುತ್ತಿದ್ದರಂತೆ, ನಡುವಿನ ತೂತು ಉದ್ದಕ್ಕೂ ಒಂದೇ ಸಮ ಬರಲಿ ಅಂತ. ಶ್ಯಾವಿಗೆ ಒತ್ತುವುದನ್ನು ತಲೆಕೆಳಗು ಮಾಡಿದ ಹಾಗೆ ಅಂದುಕೊಂಡೆ.

ಮಾರ್ಕೆಟ್ ಸ್ಟ್ರೀಟಿನ ಕಥೆ ಬೇಗ ಮುಗಿಸುತ್ತೇನೆ, ನೆನೆದರೆ ಈಗಲೂ ಎದೆ ಡವಡವ. ಹಳೆಯ ಇಟ್ಟಿಗೆ ಕಟ್ಟಡಗಳ ಚಂದದ ಬೀದಿ ಅದು. ಅಲ್ಲೊಂದು ಗಾಜಿನ ಕಲಾಕೃತಿಯ ಅಂಗಡಿಗೆ ಹೋದೆವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ವ್ಯಾನಿಟಿ ಬ್ಯಾಗನ್ನು ಮಗುವಿನ ಹಾಗೆ ಎದೆಗವಚಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆದೆ. ಎಲ್ಲ ಸರಿಯಾಗಿತ್ತು. ಬಾಗಿಲ ಹತ್ತಿರ ಬಂದಾಗ ಒಂದು ಸೀನು ಬಂತು. ಏನೂ ಬೀಳಲಿಲ್ಲ. ಆದರೆ ಮಗಳು, ಅಳಿಯ, ಮೊಮ್ಮಗಳು ಮೂವರೂ ಒಟ್ಟಿಗೆ ಒಂದೊಂದು ಶೆಲ್ಫಿಗೆ ಕೈಯಡ್ಡ ಹಿಡಿದು ನಿಂತಿದ್ದರು. ಅಂಗಡಿಯವಳು ಇದೇನೋ ಇವರ ಪ್ರಾರ್ಥನೆ ಅಂದುಕೊಂಡಿರಬೇಕು.

ಇಷ್ಟಾದ ಮೇಲೂ ನನ್ನನ್ನು ಗಾಜಿನ ಮ್ಯೂಸಿಯಂಗೆ ಕರೆದುಕೊಂಡು ಹೋದದ್ದು ಅಳಿಯಂದಿರ ಧೈರ್ಯ. ಕಂಪನಿಗೆ ನೂರು ವರ್ಷ ತುಂಬಿದ್ದಕ್ಕೆ 1951ರಲ್ಲಿ ತೆರೆದ ಮ್ಯೂಸಿಯಂ. ಕೈಕಟ್ಟಿಕೊಂಡೇ ಒಳಗೆ ಹೋದೆ. ಹೋಗಿ ನೋಡಿದರೆ, ಇವರ ಚರಿತ್ರೆಯ ತುಂಬ ಒಡೆದವರು, ಕೆಡಿಸಿಕೊಂಡವರೇ! 1913ರಲ್ಲಿ ಕಂಪನಿಯ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್‌ನ ಹೆಂಡತಿ ಬೆಸ್ಸಿಯ ಮಣ್ಣಿನ ಬೇಯಿಸುವ ಪಾತ್ರೆ ಒಡೆದುಹೋಯಿತು. ಗಂಡ ರೈಲ್ವೆ ಲಾಟೀನಿನ ಜಾತಿಯದೇ ಗಾಜಿನ ಬ್ಯಾಟರಿ ಜಾಡಿಯ ತಳ ಕೊಯ್ದು ತಂದುಕೊಟ್ಟ. ಆಕೆ ಅದರಲ್ಲಿ ಕೇಕು ಬೇಯಿಸಿ ಕಳಿಸಿದಳು. 1915ರಲ್ಲಿ ಅದೇ ಪೈರೆಕ್ಸ್ ಅಂತ ಅಂಗಡಿಗೆ ಬಂತು. ನಾನು ಇಷ್ಟು ಒಡೆದಿದ್ದೇನೆ, ನಮ್ಮವರು ಒಂದು ಸಲವಾದರೂ ಏನನ್ನಾದರೂ ಕೊಯ್ದು ತಂದುಕೊಟ್ಟಿದ್ದಾರೆಯೇ? ಸ್ಟೀಲಿನಂಗಡಿಗೆ ಹೋಗಿ ಬರುತ್ತಾರೆ, ಅಷ್ಟೆ.

ಅಲ್ಲಿಂದ ಮುಂದೆ ಗೋಡೆಯಷ್ಟು ದೊಡ್ಡ ಗಾಜಿನ ಚಕ್ರ ನಿಂತಿದೆ. ಅಡ್ಡಳತೆ 200 ಇಂಚು. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ದೂರದರ್ಶಕಕ್ಕೆ ಕನ್ನಡಿ ಮಾಡಲು 1934ರ ಮಾರ್ಚಿನಲ್ಲಿ ಜನರೆಲ್ಲ ನೋಡುತ್ತಿರುವಾಗಲೇ ಎರಕ ಹೊಯ್ದರಂತೆ. ಗಾಜಿನ ಹಿಂಬದಿ ಟೊಳ್ಳಾಗಿ ತೂಕ ಕಡಿಮೆಯಾಗಲಿ ಅಂತ ಅಚ್ಚಿನೊಳಗೆ ಇಟ್ಟಿಗೆಯ ದಿಮ್ಮಿಗಳನ್ನು ಕಬ್ಬಿಣದ ಬೋಲ್ಟಿನಿಂದ ಬಿಗಿದಿದ್ದರು. ಕಾವಿಗೆ ಬೋಲ್ಟು ಕರಗಿ, ದಿಮ್ಮಿಗಳು ಎಣ್ಣೆಯಲ್ಲಿ ಬಜ್ಜಿ ಎದ್ದ ಹಾಗೆ ಮೇಲೆದ್ದು ತೇಲಿದವು. ಆ ಡಿಸೆಂಬರಿನಲ್ಲಿ ಮತ್ತೊಂದನ್ನು ಹೊಯ್ದು ತಿಂಗಳುಗಟ್ಟಲೆ ನಿಧಾನಕ್ಕೆ ಆರಿಸಿದರು. ನಡುವೆ 1935ರ ಜುಲೈನಲ್ಲಿ ನದಿಯ ನೀರು ಕಾರ್ಖಾನೆಗೆ ನುಗ್ಗಿ ಕುಲುಮೆಯ ಕರೆಂಟೂ ಹೋಯಿತು. ಆದರೂ ಗಾಜು ಉಳಿಯಿತು. ಮರುವರ್ಷ ರೈಲಿನಲ್ಲಿ ನಿಲ್ಲಿಸಿಕೊಂಡು, ಹಗಲು ಮಾತ್ರ, ಗಂಟೆಗೆ 40 ಕಿಲೋಮೀಟರು ಮೀರದ ಹಾಗೆ ಕ್ಯಾಲಿಫೋರ್ನಿಯಾಕ್ಕೆ ಒಯ್ದರು. ಮ್ಯೂಸಿಯಂನಲ್ಲಿ ಎಲ್ಲರೂ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದು ಆ ಮೊದಲನೆಯದರ, ಕೆಟ್ಟುಹೋದದ್ದರ ಜೊತೆ. ನಾನು ನನ್ನ ಚೂರುಗಳನ್ನು ಹಳೆ ಪೇಪರಿನಲ್ಲಿ ಸುತ್ತಿ, ಇವರು ಎದ್ದೇಳುವ ಮೊದಲು ಕಸದ ಗಾಡಿಗೆ ಹಾಕುತ್ತೇನೆ.

1972ರ ಜೂನ್ 23ರಂದು ಆಗ್ನೆಸ್ ಚಂಡಮಾರುತದ ಮಳೆಗೆ ನದಿ ಏರಿ ತುಂಬಿ ಊರು ಮುಳುಗಿತು. ಮ್ಯೂಸಿಯಂ ಒಳಗೆ ಐದು ಅಡಿ ನಾಲ್ಕು ಇಂಚು ನೀರು, ಅಂದರೆ ನನ್ನ ನೆತ್ತಿಯಿಂದ ಎರಡಿಂಚು ಮೇಲೆ. ತೊಯ್ದ ಪುಸ್ತಕಗಳು ಬೂಷ್ಟು ಹಿಡಿಯದಿರಲಿ ಅಂತ ಅವನ್ನು ಹೆಪ್ಪುಗಟ್ಟಿಸಿ ಇಟ್ಟರಂತೆ. (ಮಳೆಗಾಲದಲ್ಲಿ ನಮ್ಮ ಅಟ್ಟದ ಪುಸ್ತಕಗಳಿಗೂ ಫ್ರಿಜ್ಜಿನಲ್ಲಿ ಜಾಗ ಮಾಡಬೇಕೆಂದಿದ್ದೇನೆ, ದೋಸೆಹಿಟ್ಟು ಬಿಡುತ್ತಿಲ್ಲ.) ನಾನು ಕೇಳಿದ್ದು ಒಂದೇ, ‘ಎಷ್ಟು ಒಡೆದವು?’ 13,000 ವಸ್ತುಗಳಲ್ಲಿ ಪೆಟ್ಟಾದದ್ದು 528ಕ್ಕೆ. ನೂರಕ್ಕೆ ನಾಲ್ಕು. ಅತ್ತೆಯವರ ಸೆಟ್ಟಿನಲ್ಲಿ ನನ್ನದು ನೂರಕ್ಕೆ ಐವತ್ತು. ಆ ನದಿಯ ಕೈ ನನ್ನ ಕೈಗಿಂತ ಎಷ್ಟೋ ನಾಜೂಕು.

ಕೊನೆಗೆ ನೋಡಲು ಬಂದವರೂ ಗಾಜು ಊದಬಹುದಾದ ಕಡೆಗೆ ಹೋದೆವು. ಮೊಮ್ಮಗಳು ಹಟ ಮಾಡಿ ನನ್ನ ಹೆಸರನ್ನೂ ಬರೆಸಿದಳು. ಕಾದ ಗಾಜಿನ ಉಂಡೆಯನ್ನು ಅಲ್ಲಿಯ ಹುಡುಗ ಹಿಡಿದಿರುತ್ತಾನೆ, ಅವನು ಹೇಳಿದಾಗ ನಾವು ನಳಿಗೆಯಲ್ಲಿ ಊದಬೇಕು. ‘ಬ್ಲೋ’ ಅಂದ. ಊದುಗೊಳವೆಯಲ್ಲಿ ಹಸಿ ಸೌದೆಯ ಒಲೆ ಊದಿ ಬೆಳೆದವಳು ನಾನು. ಒಂದೇ ಉಸಿರಿಗೆ ಊದಿದೆ. ಅವನು ‘ಸ್ಟಾಪ್, ಸ್ಟಾಪ್!’ ಅನ್ನುವಷ್ಟರಲ್ಲಿ ಕಿತ್ತಳೆ ಹಣ್ಣಿನಷ್ಟು ಆಗಬೇಕಾದದ್ದು ಚಕ್ಕೋತದಷ್ಟಾಗಿತ್ತು. ಬೆರಗಿನಿಂದ ನನ್ನನ್ನೇ ನೋಡಿ, ‘ತುಂಬಾ ತೆಳ್ಳಗಾಗಿದೆ, ಜೋಪಾನ’ ಅಂದ. ರಾತ್ರಿಯೆಲ್ಲ ನಿಧಾನಕ್ಕೆ ಆರಬೇಕು, ನಾಳೆ ಬನ್ನಿ ಅಂತ ಕಳಿಸಿದ. ಮಾರನೆ ದಿನ ನೋಡಿದರೆ, ತಿಳಿನೀಲಿ ಬಣ್ಣದ ಗುಂಡು, ಸೋಪಿನ ನೀರಿನ ಗುಳ್ಳೆಯ ಹಾಗೆ.

ಅದನ್ನು ಹತ್ತಿಯಲ್ಲಿ ಸುತ್ತಿ, ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ, ಮಗಳ ಮನೆಯ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ, ಎರಡು ವಿಮಾನದಲ್ಲೂ ತೊಡೆಯ ಮೇಲಿಟ್ಟುಕೊಂಡು ತುಮಕೂರಿಗೆ ತಂದೆ. ತಂದವಳೇ ಬೀರುವಿನ ಮೇಲಿನ ತಟ್ಟಿಗೆ ಏರಿಸಿದೆ.

ಒಂದೂವರೆ ವರ್ಷವಾಯಿತು. ಬಂದವರಿಗೆಲ್ಲ ಕಥೆ ಹೇಳುತ್ತೇನೆ, ಡಬ್ಬಿ ತೋರಿಸುತ್ತೇನೆ. ‘ಒಂದ್ಸಲ ತೆಗೆದು ತೋರಿಸೇ’ ಅಂತಾರೆ ಇವರು. ಕೈಯಲ್ಲಿ ಹಿಡಿತ ಇಲ್ಲದವಳಿಗೆ ಹೇಳುವ ಮಾತೇ ಅದು? ‘ಹೋಗಲಿ, ನಾನು ಸ್ವಲ್ಪ ಅಲ್ಲಾಡಿಸಿ ನೋಡ್ಲಾ?’ ಅಂತ ಮೊನ್ನೆ ಸ್ಟೂಲು ಎಳೆದುಕೊಂಡಿದ್ದರು. ಬೀರುವಿನ ಬೀಗದಕೈ ಈಗ ನನ್ನ ಸೊಂಟದಲ್ಲಿದೆ. ಗುಂಡು ಹೆಚ್ಚಿದ್ದರೆ ಹೆಚ್ಚಿರಲಿ, ಆ ಸುದ್ದಿ ನನಗೆ ಬೇಡ.