ಬೆಂಬಲ ಕೊಡೋಣ, ಬಾಯಿ ಒತ್ತೆ ಇಡುವುದು ಬೇಡ

ಮುಂಬೈಯ ಕನ್ನಡ ಎಡಪಂಥೀಯ ಗೆಳೆಯರ ನಡುವೆ ಪ್ಯಾಲೆಸ್ತೀನ್ ಮಾತು ಬಂದಾಗಲೆಲ್ಲ ಜಗಳ ಒಂದೇ ಕಡೆ ಬಂದು ನಿಲ್ಲುತ್ತದೆ: ಸಾಮ್ರಾಜ್ಯಶಾಹಿಯ ಎದುರು ಹೋರಾಡುವವರು ಮತೀಯವಾದಿಗಳಾದರೆ ಅವರ ಪರ ನಿಲ್ಲಬೇಕೇ? "ಅವರು ನಮ್ಮವರಲ್ಲ, ಬಿಡಿ" ಅನ್ನುವುದನ್ನು ನಾನು ಒಪ್ಪುವುದಿಲ್ಲ. "ಸಿದ್ಧಾಂತ ಆಮೇಲೆ ನೋಡೋಣ" ಅನ್ನುವುದನ್ನಂತೂ ಒಪ್ಪುವುದೇ ಇಲ್ಲ.

ನಮ್ಮ ಕೊಲಾಬಾವನ್ನೇ ನೋಡಿ. 1946ರ ಫೆಬ್ರವರಿ 18ರಂದು ಬ್ರಿಟಿಷರ ಭಾರತೀಯ ನೌಕಾಪಡೆಯ 'ತಲ್ವಾರ್' ನೆಲೆಯ ನಾವಿಕರು ಕೆಟ್ಟ ಊಟ ಬೇಡವೆಂದು ಮುಷ್ಕರಕ್ಕೆ ಇಳಿದರು. ಬ್ರಿಟಿಷ್ ಧ್ವಜ ಇಳಿದ ಕಂಬಕ್ಕೆ ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಬಾವುಟ ಮೂರೂ ಏರಿದವು. ಬೇಡಿಕೆ ಪಟ್ಟಿಯಲ್ಲಿ ಊಟ, ಸಂಬಳದ ಜೊತೆಗೆ ಡಚ್ಚರ ವಿರುದ್ಧ ಹೋರಾಡುತ್ತಿದ್ದ ಇಂಡೊನೇಷ್ಯಾದಿಂದ ಭಾರತೀಯ ಪಡೆಗಳನ್ನು ವಾಪಸ್ ಕರೆಸಿ ಎಂಬುದೂ ಇತ್ತು. ಪಟೇಲರು, ಜಿನ್ನಾ ಇಬ್ಬರೂ ಶರಣಾಗಿ ಅಂದರು. ಲೀಗಿನ ಬಾವುಟ ಕಂಡು ಕಮ್ಯುನಿಸ್ಟರು ಹಿಂಜರಿಯಲಿಲ್ಲ. 22ರಂದು ಅವರ ಕರೆಗೆ ಗಿರಣಿಗಳು ನಿಂತವು. ಗೋಲಿಬಾರಿನಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. 1955ರ ಗೋವಾ ಸತ್ಯಾಗ್ರಹದಲ್ಲಿ ಕಮ್ಯುನಿಸ್ಟರೂ ಇದ್ದರು, ನಮ್ಮ ನರಗುಂದದ, ಬಲಪಂಥೀಯ ಜನಸಂಘದ ಜಗನ್ನಾಥರಾವ್ ಜೋಶಿಯವರೂ ಇದ್ದರು. ಗುರಿ ಪೋರ್ಚುಗೀಸರು, ಯಾರೂ ತಮ್ಮ ಪಕ್ಷ ಮುಚ್ಚಿ ಬಂದಿರಲಿಲ್ಲ.

ಇರಾನಿನಲ್ಲಿ ತಪ್ಪಿದ್ದು ಇಲ್ಲೇ. ದೊರೆ ಶಾ ವಿರುದ್ಧದ ಹೋರಾಟದಲ್ಲಿ ಅಲ್ಲಿನ ಕಮ್ಯುನಿಸ್ಟರ ತುದೇ ಪಕ್ಷ ಇದ್ದದ್ದು ಸರಿಯೇ. ಆದರೆ ಕ್ರಾಂತಿಯ ಧಾರ್ಮಿಕ ನಾಯಕ ಖೊಮೇನಿ ಅಮೆರಿಕದ ಶತ್ರು ಎಂಬ ಒಂದೇ ಕಾರಣಕ್ಕೆ ಅದು ಬಾಯಿ ಕಟ್ಟಿಕೊಂಡಿತು. 1979ರ ಮಾರ್ಚ್ 8ರಂದು ಟೆಹರಾನಿನ ಹೆಂಗಸರು ಕಡ್ಡಾಯ ಹಿಜಾಬ್ ಬೇಡವೆಂದು ಬೀದಿಗಿಳಿದಾಗ, ಪಕ್ಷಕ್ಕೆ ಅದು ಸಣ್ಣ ವಿಷಯ ಅನ್ನಿಸಿತು. ಅದೇ ತಿಂಗಳ ಜನಮತಗಣನೆಯಲ್ಲಿ ಇಸ್ಲಾಮಿಕ್ ಗಣರಾಜ್ಯಕ್ಕೆ 'ಹೌದು' ಅಂದಿತು. ಉಳಿದ ಎಡ ಗುಂಪುಗಳ ಮೇಲೆ ಏಟು ಬಿದ್ದಾಗಲೂ ಸರ್ಕಾರದ ಪರವೇ ನಿಂತಿತು. 1983ರ ಫೆಬ್ರವರಿಯಲ್ಲಿ ತುದೇ ನಾಯಕರನ್ನೇ ಹಿಡಿದರು. ಟಿವಿ ಮುಂದೆ ಕೂರಿಸಿ ತಪ್ಪೊಪ್ಪಿಗೆ ಹೇಳಿಸಿದರು. ಮೇ ತಿಂಗಳಲ್ಲಿ ಪಕ್ಷವೇ ನಿಷೇಧ. 1988ರಲ್ಲಿ ಸಾವಿರಾರು ಕೈದಿಗಳು ನೇಣಿಗೇರಿದರು, ಅವರಲ್ಲಿ ಎಡಪಂಥೀಯರೂ ಇದ್ದರು. ಆ ಹೊತ್ತಿಗೆ ಅವರ ಪರ ಕೂಗಲು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ.

1920ರಲ್ಲೇ ಲೆನಿನ್ ಹೇಳಿದ್ದರು: ವಸಾಹತುಗಳ ಹೋರಾಟಕ್ಕೆ ಕೈ ಜೋಡಿಸಿ, ಆದರೆ ಅದರಲ್ಲಿ ಕರಗಬೇಡಿ, ನಿಮ್ಮ ಸಂಘಟನೆ ಎಷ್ಟೇ ಎಳೆಯದಿರಲಿ, ಬೇರೆಯಾಗಿಯೇ ಇರಲಿ.

ಅಂದರೆ ಆಕ್ರಮಣವನ್ನು ವಿರೋಧಿಸಲು ಸಿದ್ಧಾಂತದ ಪರೀಕ್ಷೆ ಬೇಡ. ಸಂಘಟನೆಯ ಹೆಗಲಿಗೆ ಹೆಗಲು ಕೊಡುವ ಮುಂಚೆ ಬೇಕು. ಕರಪತ್ರ ನಮ್ಮ ಹೆಸರಲ್ಲೇ ಬರಲಿ, ಘೋಷಣೆ ಎರವಲು ತರುವುದು ಬೇಡ. ಚಂದಾ ಎತ್ತಿದರೆ ಆಸ್ಪತ್ರೆಗೋ ಕಾರ್ಮಿಕ ಸಂಘಕ್ಕೋ ಹೋಗಲಿ. ನಾಗರಿಕರನ್ನು ಕೊಂದರೆ ಅದೇ ದಿನ ಖಂಡಿಸೋಣ, ಮಾರನೇ ವಾರವಲ್ಲ.

ಆಜಾದ್ ಮೈದಾನಕ್ಕೆ ಗಾಜಾದ ಫಲಕ ಹಿಡಿದು ಹೋಗೋಣ. ಇನ್ನೊಂದು ಕೈಯಲ್ಲಿ ಇರಾನಿನ ಜೈಲಿನಲ್ಲಿರುವ ಕಾರ್ಮಿಕರ ಬಿಡುಗಡೆಯ ಫಲಕವೂ ಇರಲಿ. ಅದನ್ನು ಇಳಿಸಿ ಅಂದವರು ನಮ್ಮ ಗೆಳೆಯರೇ ಆಗಿದ್ದರೂ, ಇಳಿಸುವುದಿಲ್ಲ ಅನ್ನೋಣ.