ಹೊಗೆ ಇಲ್ಲ ಸರಿ, ಬೂದಿಯ ಕಥೆ ಏನು?

ಅಡಿಕೆ ಸುಲಿಯೋದು ಮುಗಿಯಿತು ಅಂದರೆ ತೀರ್ಥಹಳ್ಳಿ, ಸಾಗರದ ಕಡೆ ರಸ್ತೆ ಬದಿಯಲ್ಲೆಲ್ಲ ಅಡಿಕೆ ಸಿಪ್ಪೆ ರಾಶಿ. "ಸುಮ್ನೆ ಕೊಳೆಸೋ ಬದಲು ಗ್ಯಾಸಿಫೈಯರ್‌ಗೆ ಹಾಕಿ, ಹೊಗೆ ಇಲ್ಲದ ಗ್ಯಾಸ್ ಬರುತ್ತೆ" ಅನ್ನುವವರು ಈಗ ಊರೂರಲ್ಲಿ ಸಿಗುತ್ತಾರೆ. ಗ್ಯಾಸಿಫೈಯರ್ ಅಂದರೆ ಕಟ್ಟಿಗೆ, ಸಿಪ್ಪೆಯಂಥದ್ದನ್ನು ಕಮ್ಮಿ ಗಾಳಿಯಲ್ಲಿ ಸುಟ್ಟು ಉರಿಯುವ ಗ್ಯಾಸ್ ಮಾಡುವ ಯಂತ್ರ. ನನ್ನ ತಕರಾರು ಗ್ಯಾಸಿನ ಬಗ್ಗೆ ಅಲ್ಲ, ಉಳಿಯುವ ಬೂದಿಯ ಬಗ್ಗೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು 1980ರ ದಶಕದಲ್ಲೇ ಇದರಿಂದ ದೀಪ ಹಚ್ಚಿ ತೋರಿಸಿದ್ದಾರೆ. ಆದರೆ ಅಲ್ಲಿ ಹಾಕಿದ್ದು ಕಟ್ಟಿಗೆ.

ಸಿಪ್ಪೆಯಲ್ಲಿ ಪೊಟ್ಯಾಶ್ ಜಾಸ್ತಿ. ತೋಟಕ್ಕೆ ನಾವು ಸುರಿಯುವ ಎಂಒಪಿ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡೇ ಅಲ್ವಾ? ಒಳಗೆ ಬಿಸಿ 800 ಡಿಗ್ರಿ ದಾಟಿದರೆ ಅದರಲ್ಲಿ ಒಂದು ಪಾಲು ಆವಿಯಾಗಿ ಗ್ಯಾಸಿನ ಜೊತೆ ಹೊರಡುತ್ತದೆ, ಪೈಪು ತಣ್ಣಗಿರುವ ಕಡೆ ಪುಡಿಯಾಗಿ ಕೂರುತ್ತದೆ. ಉಳಿದದ್ದು ಅಂಗಳದಿಂದ ಅಂಟಿಕೊಂಡು ಬಂದ ಮಣ್ಣಿನ ಜೊತೆ ಕರಗಿ ಕಿಟ್ಟ ಕಟ್ಟುತ್ತದೆ. ಪರಿಚಯದವರೊಬ್ಬರ ಮನೆಯಲ್ಲಿ ನೋಡಿದೆ: ತಳದ ಜಾಲರಿಗೆ ಕಪ್ಪು ಗಾಜಿನಂಥ ಗಟ್ಟಿ, ಹಾರೆ ಹಾಕಿ ಮೀಟಿದರೂ ಚೂರುಚೂರಾಗಿಯೇ ಬಂತು. ತಮಾಷೆ ಅಂದರೆ, ಮಳೆಯಲ್ಲಿ ನೆನೆದ ಸಿಪ್ಪೆಯ ಪೊಟ್ಯಾಶ್, ಕ್ಲೋರಿನ್ ಬಹಳಷ್ಟು ತೊಳೆದುಹೋಗಿರುತ್ತದೆ. ಅದನ್ನು ಮತ್ತೆ ಒಣಗಿಸುವವರು ಯಾರು, ಅದು ಬೇರೆ ಮಾತು.

ಲೋಹಗಳ ವಿಷಯಕ್ಕೆ ಬರೋಣ. ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ ಅಂತ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಆ ತಾಮ್ರ ಸುಲಭಕ್ಕೆ ಆವಿಯಾಗುವುದಿಲ್ಲ, ಬಹುಪಾಲು ಬೂದಿಯಲ್ಲೇ ಉಳಿಯುತ್ತದೆ. ಸತು, ವಿಷಕಾರಿ ಲೋಹವಾದ ಕ್ಯಾಡ್ಮಿಯಂ ಹಾಗಲ್ಲ. ರಂಜಕದ ಗೊಬ್ಬರದ ಜೊತೆ ಚೂರುಪಾರು ಕ್ಯಾಡ್ಮಿಯಂ ತೋಟಕ್ಕೆ ಬರುತ್ತದೆ. ಗ್ಯಾಸಿಫೈಯರ್ ಒಳಗೆ ಬೇಕೆಂದೇ ಗಾಳಿ ಕಮ್ಮಿ ಬಿಡುತ್ತಾರೆ, ಹಾಗಾಗಿ ಇವು ಆಕ್ಸೈಡ್ ಆಗಿ ನಿಲ್ಲದೆ ಲೋಹದ ಆವಿಯಾಗುತ್ತವೆ. ಕ್ಯಾಡ್ಮಿಯಂ ಕುದಿಯುವುದು 767 ಡಿಗ್ರಿಗೆ, ಸತು 907ಕ್ಕೆ. ಗ್ಯಾಸ್ ತಣ್ಣಗಾದಾಗ ನುಣ್ಣನೆ ಧೂಳಿಗೆ ಅಂಟಿ ಫಿಲ್ಟರಿಗೆ, ಗ್ಯಾಸ್ ಶುದ್ಧ ಮಾಡಲು ತೊಳೆದ ನೀರಿಗೆ ಸೇರುತ್ತವೆ. ಪ್ರಮಾಣ ಚಿಕ್ಕದೇ. ಆದರೆ ವರ್ಷಗಟ್ಟಲೆ ಒಂದೇ ಜಾಗಕ್ಕೆ ಸುರಿದರೆ?

ಬೂದಿ ಅಂದರೆ ಗೊಬ್ಬರ ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬಬೇಡಿ. ತಳದ ಬೂದಿಯಲ್ಲಿ ತಾಮ್ರ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ, ಆಮೇಲೆ ತೋಟಕ್ಕೆ ಹಾಕಿ. ಫಿಲ್ಟರಿನ ಧೂಳು ಬೇರೆ ಇಡಿ, ತೋಟಕ್ಕೆ ಬೇಡವೇ ಬೇಡ. ತೊಳೆದ ನೀರನ್ನು ಹಳ್ಳಕ್ಕೆ ಬಿಡುವವರನ್ನು ಕಂಡರೆ ನನಗಂತೂ ಮೈ ಉರಿಯುತ್ತದೆ, ತೀರ್ಥಹಳ್ಳಿ ಕಡೆ ಆ ಹಳ್ಳ ಹೋಗಿ ಸೇರುವುದು ತುಂಗೆಯನ್ನೇ. ಯಂತ್ರ ಮಾರಲು ಬಂದವರ ಹತ್ತಿರ ಸಬ್ಸಿಡಿ ಎಷ್ಟು ಅಂತ ಆಮೇಲೆ ಕೇಳಿ. ಮೊದಲು ಆ ನೀರಿನ ಟ್ಯಾಂಕ್ ಎಲ್ಲಿ ಕೂರುತ್ತೆ, ತುಂಬಿದ ಮೇಲೆ ಖಾಲಿ ಮಾಡೋದು ಯಾರು, ಅದರ ಖರ್ಚು ಯಾರ ತಲೆಗೆ ಅಂತ ಕೇಳಿ, ಬರವಣಿಗೆಯಲ್ಲೇ ತಗೊಳ್ಳಿ.